ಒಂದೂಮುಕ್ಕಾಲು ಇಂಚಿನ ಕೋವಿ

ಯೋಗನರಸಿಂಹಯ್ಯನವರು ಜೀವಮಾನದಲ್ಲಿ ಜಂಬ ಕೊಚ್ಚಿಕೊಂಡದ್ದು ಒಂದೇ ಸಲ. ಅದೂ ಮೂರೇ ಪದಗಳ ಜಂಬ. ಅದರಲ್ಲಿ ಸುಳ್ಳು ಕೂದಲಿನಷ್ಟೂ ಇರಲಿಲ್ಲ. ಹಾಗಿದ್ದೂ ಆ ಮೂರು ಪದ ಅವರನ್ನು ಪೊಲೀಸ್ ಠಾಣೆಯ ತನಕ ಎಳೆದುಕೊಂಡು ಹೋಯಿತು ಎಂದರೆ, ಜಂಬ ಕೊಚ್ಚುವುದಕ್ಕೂ ಅಭ್ಯಾಸ ಬೇಕು ಎಂದೇ ತಿಳಿಯಬೇಕು.

ಇದು ನಡೆದದ್ದು ಸಾವಿರದ ಒಂಬೈನೂರ ಅರವತ್ತೊಂದರಲ್ಲಿ. ಆಗ ಅವರು ತುಮಕೂರಿನ ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತರು. ಯಾವ ಕಚೇರಿ ಎಂಬುದು ಬೇಡ. ರೆಕಾರ್ಡ್ ರೂಮುಗಳೆಲ್ಲ ಒಂದೇ ತರಹ ಇರುತ್ತವೆ. ಕೆಂಪು ಬಟ್ಟೆಯ ಗಂಟುಗಳ ನಡುವೆ ಹದಿನೆಂಟು ವರ್ಷ ಕೂತು ಕೂತು ಅವರ ದನಿಯೂ ಬಟ್ಟೆಯಲ್ಲಿ ಸುತ್ತಿಟ್ಟ ಹಾಗಾಗಿತ್ತು. ಅವರು ಮಾತು ಶುರು ಮಾಡಿದರೆ ಎದುರಿಗಿದ್ದವರು ಒಂದೋ ಆಕಳಿಸುತ್ತಿದ್ದರು, ಇಲ್ಲ ಪಕ್ಕದವರ ಯೋಗಕ್ಷೇಮ ವಿಚಾರಿಸುತ್ತಿದ್ದರು. ಮನೆಯಲ್ಲಿ ಹೆಂಡತಿ ಸರಸ್ವತಮ್ಮನವರು ಮಾತ್ರ ಪೂರ್ತಿ ಕೇಳುತ್ತಿದ್ದರು. ಕೇಳಿ, “ಅದ್ಯಾಕೆ ಹಾಗೆ ಮಾಡಿದ್ರಿ?” ಎನ್ನುತ್ತಿದ್ದರು.

ಇಂಥವರ ಕೈಗೆ ಕೋವಿ ಬಂದದ್ದು ಹೇಗೆ ಎಂದು ಮೊದಲು ಹೇಳಬೇಕು.

ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿ ಚಿಕ್ಕವೀರಾಚಾರಿ ಎಂಬ ವಯಸ್ಸಾದ ಕಮ್ಮಾರರಿದ್ದರು. ಅವರ ತಾತನ ಕಾಲದಿಂದ ಕುಲುಮೆ ಇದ್ದ ಜಾಗವನ್ನು ಯಾರೋ ಗೋಮಾಳ ಎಂದು ಬರೆದುಬಿಟ್ಟಿದ್ದರು. ಅಲ್ಲವೆಂದು ತೋರಿಸುವ ಹಳೆಯ ಕಾಗದ ರೆಕಾರ್ಡ್ ರೂಮಿನಲ್ಲೆಲ್ಲೋ ಕಾಣೆಯಾಗಿತ್ತು. ಆಚಾರಿ ಎರಡು ವರ್ಷ ಅಲೆದರು. ಕಡೆಗೊಂದು ದಿನ ಯೋಗನರಸಿಂಹಯ್ಯನವರು ಎಲ್ಲೋ ಇಟ್ಟು ಮರೆತ ತಮ್ಮ ಛತ್ರಿಗಾಗಿ ಬೀರುವಿನ ಮೇಲೆ ಕೈಯಾಡಿಸುತ್ತಿದ್ದಾಗ ಒಂದು ಗಂಟು ದೊಪ್ಪನೆ ತಲೆಯ ಮೇಲೆ ಬಿತ್ತು. ಬಿಚ್ಚಿ ನೋಡಿದರೆ ಹಾಗಲವಾಡಿ ಕುಲುಮೆಯ ಕಾಗದ! ಛತ್ರಿ ಸಿಗಲಿಲ್ಲ.

ಆಚಾರಿಯವರ ಜಾಗ ಉಳಿಯಿತು. “ನಾನೇನೂ ಮಾಡಿಲ್ಲ ಆಚಾರ್ರೇ, ಛತ್ರಿ ಹುಡುಕ್ತಿದ್ದೆ” ಎಂದು ಇವರು ಎಷ್ಟು ಹೇಳಿದರೂ ಮುದುಕರು ಒಪ್ಪಲಿಲ್ಲ. “ದೊಡ್ಡೋರು ಹಂಗೇ ಅನ್ನಾದು ಬುಡಿ ಸ್ವಾಮಿ” ಎಂದು ಕೈಮುಗಿದು ಹೋದವರು ಎಂಟು ತಿಂಗಳಾದ ಮೇಲೆ ಮತ್ತೆ ಬಂದು, ಒಂದು ಬೆಂಕಿಪೊಟ್ಟಣವನ್ನು ಮೇಜಿನ ಮೇಲಿಟ್ಟರು.

ಯೋಗನರಸಿಂಹಯ್ಯನವರು ಲಂಚವೆಂದು ಹೆದರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಆಚಾರಿ ತಾವೇ ಪೊಟ್ಟಣ ತೆರೆದರು. ಒಳಗೆ ಹತ್ತಿಯ ಮೇಲೆ ಒಂದು ಕೋವಿ ಮಲಗಿತ್ತು.

ಕಿರುಬೆರಳಿಗಿಂತ ಗಿಡ್ಡ. ಬೀಟೆಮರದ ಹಿಡಿ, ಹಿಡಿಗೆ ದಾರದಂಥ ಹಿತ್ತಾಳೆಯ ಪಟ್ಟಿ, ಪಟ್ಟಿಗೆ ಗಸಗಸೆಯಷ್ಟು ದಪ್ಪದ ತಿರುಪು, ತಿರುಪಿನ ತಲೆಯಲ್ಲಿ ಸರಿಯಾಗಿ ಸೀಳು. ನಳಿಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

“ನಮ್ ತಾತ ಪಾಳೇಗಾರ್ರಿಗೆ ಆಳುದ್ದದ ಕೋವಿ ಮಾಡ್ದೋರು ಸ್ವಾಮಿ,” ಎಂದರು ಆಚಾರಿ. “ನನ್ ಕಾಲಕ್ಕೆ ಗುಳ, ಕುಡ್ಲು, ಗಾಡಿ ಪಟ್ಟಿ ಅಷ್ಟೇಯ. ಕೈ ಮರ್ತೋಯ್ತದೆ ಅಂತ ಇದನ್ನ ಮಾಡ್ದೆ. ಇಷ್ಟು ಸಣ್ಣ ತೂತಿಗೆ ಬೈರಿಗೆ ಎಲ್ಲೂ ಸಿಗ್ನಿಲ್ಲ. ಹೊಲಿಗೆ ಸೂಜೀನೇ ಹದ ಮಾಡಿ ಬೈರಿಗೆ ಮಾಡ್ಕಂಡೆ. ಹದ್ಮೂರು ನಳಿಗೆ ಸೀಳೋದ್ವು. ಇದು ಹದ್ನಾಲ್ಕನೇದು. ಒಳಗಿರೋ ಸ್ಪ್ರಿಂಗು ಕೈಗಡಿಯಾರದ್ದು.”

“ಬೊಂಬೆ ಚೆನ್ನಾಗಿದೆ” ಎಂದರು ಯೋಗನರಸಿಂಹಯ್ಯನವರು.

ಆಚಾರಿಯವರ ಮುಖ ಸಣ್ಣದಾಯಿತು. “ಬೊಂಬೆ ಅಲ್ಲ ಸ್ವಾಮಿ. ಹಾರ್ತದೆ. ಬೆಂಕಿಕಡ್ಡಿ ತಲೆ ಕೆರ್ದು ಮದ್ದು ಹಾಕಿ, ಸಾಸ್ವೆಗಿಂತ ಸಣ್ಣ ಸೀಸದ ಗುಂಡು ಹಾಕಿ, ಈ ಕುದ್ರೆ ಎಳದ್ರೆ ಆಯ್ತು.” ಕುದುರೆ ಎಂದು ಅವರು ತೋರಿಸಿದ ಕೀಲು ಎಳ್ಳಿನಷ್ಟಿತ್ತು, ಅದನ್ನು ಉಗುರಿನ ತುದಿಯಲ್ಲೇ ಎಳೆಯಬೇಕು.

ತಮಗಾಗಿ ಯಾರಾದರೂ ಎಂಟು ನಿಮಿಷ ಕಾದದ್ದೂ ಯೋಗನರಸಿಂಹಯ್ಯನವರಿಗೆ ನೆನಪಿರಲಿಲ್ಲ. ಇಲ್ಲಿ ಎಂಟು ತಿಂಗಳು! ಬೇಡ ಎನ್ನಬೇಕೆಂದುಕೊಂಡೇ ಕೈ ಚಾಚಿದರು. ಪೊಟ್ಟಣ ಕೋಟಿನ ಜೇಬು ಸೇರಿತು. ಅಂದಿನಿಂದ ದಿನಾ ಸಾಯಂಕಾಲ ಕಚೇರಿಯಿಂದ ಬಂದವರೇ ಕಾಫಿಗೂ ಮೊದಲು ಭೂತಗನ್ನಡಿ ಹಿಡಿದು ಅದನ್ನೊಮ್ಮೆ ನೋಡುತ್ತಿದ್ದರು. ಹಾರಿಸುವ ಧೈರ್ಯ ಮಾತ್ರ ಬರಲಿಲ್ಲ.

ಇನ್ನು ಆ ಮೂರು ಪದಗಳ ವಿಚಾರ.

ಇವರ ಬಾಡಿಗೆ ಮನೆ ಇದ್ದದ್ದು ಶೆಟ್ಟಿಹಳ್ಳಿಯ ಕಡೆ. ಪಕ್ಕದ ಮನೆ ಕೌಸಲ್ಯಮ್ಮನವರ ಹಿತ್ತಿಲಿನಿಂದ ಯಾರೋ ತಾಮ್ರದ ಹಂಡೆಯನ್ನು ಎತ್ತಿಕೊಂಡು ಹೋದರು. ಭಾನುವಾರ ಬೆಳಗ್ಗೆ ಅವರ ಜಗಲಿಯ ಮೇಲೆ ಬೀದಿಯವರೆಲ್ಲ ಸೇರಿ, ಕಳ್ಳರನ್ನು ಎದುರಿಸಲು ಯಾರ ಹತ್ತಿರ ಏನಿದೆ ಎಂದು ಲೆಕ್ಕ ಹಾಕಿದರು. ಒಬ್ಬರು ದೊಣ್ಣೆ ಇದೆ ಎಂದರು. ಇನ್ನೊಬ್ಬರು ನಾಯಿ ಇದೆ ಎಂದರು. ಆ ನಾಯಿ ಅಲ್ಲೇ ಮೆಟ್ಟಿಲ ಮೇಲೆ ನಿದ್ದೆ ಹೊಡೆಯುತ್ತಿತ್ತು. ಯೋಗನರಸಿಂಹಯ್ಯನವರು ಗಂಟಲು ಸರಿಮಾಡಿಕೊಂಡು ಹೇಳಿದರು:

“ನಮ್ಮನೇಲಿ ಕೋವಿ ಇದೆ.”

ಅದು ಇಷ್ಟೇ ಇಷ್ಟಿದೆ ಎಂದು ಬೆರಳಿನಲ್ಲಿ ತೋರಿಸಲು ಕೈಯನ್ನೂ ಎತ್ತಿದ್ದರು. ಅಷ್ಟರಲ್ಲಿ ಜಗಲಿ ನಿಶ್ಶಬ್ದವಾಯಿತು. ಹದಿನಾರು ಜನ ಒಟ್ಟಿಗೆ ಅವರತ್ತ ತಿರುಗಿದರು. ನಾಯಿಯೂ ಎದ್ದು ಕೂತಿತು. ನಲವತ್ನಾಲ್ಕು ವರ್ಷಗಳಲ್ಲಿ ಇಂಥ ನಿಶ್ಶಬ್ದ ಅವರ ಪಾಲಿಗೆ ಬಂದಿರಲಿಲ್ಲ. ಎತ್ತಿದ ಕೈಯಿಂದ ಮೀಸೆಯನ್ನೊಮ್ಮೆ ಸವರಿಕೊಂಡು ಕೆಳಗಿಳಿಸಿದರು. ಮೀಸೆ ಇರಲಿಲ್ಲ, ಅದು ಬೇರೆ ವಿಷಯ.

“ಅಯ್ಯೋ ನಮ್ಮಪ್ಪ! ಪಕ್ಕದ ಮನೇಲಿದ್ದೂ ಗೊತ್ತಾಗ್ಲಿಲ್ವಲ್ರೀ!” ಎಂದು ಕೌಸಲ್ಯಮ್ಮನವರು ಕೈ ಜೋಡಿಸಿದರು. “ಜೋಡಿ ನಳಿಗೇದೋ, ಒಂಟಿ ನಳಿಗೇದೋ?”

“ಒಂಟಿ.”

“ಹಾರಿಸಿದೀರಾ?”

“ಇನ್ನೂ ಇಲ್ಲ.”

“ಇನ್ನೂ ಇಲ್ವಂತೆ!” ಎಂದು ಕೌಸಲ್ಯಮ್ಮನವರು ಬೀದಿಗೆಲ್ಲ ಕೇಳುವಂತೆ ಹೇಳಿದರು. ಆ ‘ಇನ್ನೂ’ ಎಂಬುದರಲ್ಲಿ ಮುಂದೆ ಬೀಳಲಿರುವ ಹೆಣಗಳೆಲ್ಲ ಅವರಿಗೆ ಕಂಡವು.

ಸಂಜೆಯ ಹೊತ್ತಿಗೆ ಕೌಸಲ್ಯಮ್ಮನವರು ಉಳಿದಿದ್ದ ಕೊಪ್ಪರಿಗೆಯನ್ನು ತಂದು, “ಕೋವಿ ಇರೋ ಮನೇಲಿರ್ಲಿ” ಎಂದು ಇಳಿಸಿದರು. ಅವರನ್ನು ನೋಡಿ ಎದುರು ಮನೆಯವರು ತಪ್ಪಲೆ ತಂದರು. ಆಚೆ ಮನೆಯವರು ಬೆಳ್ಳಿಯ ಪೂಜಾ ಸಾಮಾನು ತಂದರು. ಮೂರು ದಿನ ಯೋಗನರಸಿಂಹಯ್ಯನವರು ಯಾರದೋ ಕೊಪ್ಪರಿಗೆಯೊಳಗೆ ಕಾಲು ಬಿಟ್ಟುಕೊಂಡು ಊಟ ಮಾಡಿದರು. ಹಾಲಿನವನು ನೀರು ಬೆರೆಸುವುದನ್ನು ಬಿಟ್ಟ. ಕಚೇರಿಯಲ್ಲಿ ಹೆಡ್‌ಕ್ಲಾರ್ಕು, “ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದು ತಾವೇ ಎದ್ದು ನಿಂತರು.

“ನಿಜ ಹೇಳಿಬಿಡಿ ಅಂದ್ರೆ” ಎಂದರು ಸರಸ್ವತಮ್ಮನವರು, ತಪ್ಪಲೆಗಳ ಹಿಂದಿನಿಂದ.

“ನಿಜಾನೇ ಹೇಳಿದೀನಲ್ಲೇ.”

“ಪೂರ್ತಿ ಹೇಳಿ.”

ಸರಿ, ಪೂರ್ತಿ ಹೇಳಲೆಂದು ಅವರು ಕೌಸಲ್ಯಮ್ಮನವರ ಬಾಗಿಲಿಗೆ ಹೋದರು. “ನಮ್ಮ ಕೋವಿ ನೀವು ಅಂದ್ಕೊಂಡ ಹಾಗಲ್ಲಮ್ಮ. ತುಂಬಾ ಚಿಕ್ಕದು. ಜೇಬಲ್ಲಿ ಹಿಡಿಯುತ್ತೆ” ಎಂದರು.

ಕೌಸಲ್ಯಮ್ಮನವರು ಎರಡು ಹೆಜ್ಜೆ ಹಿಂದೆ ಸರಿದು, ಪಿಸುದನಿಯಲ್ಲಿ, “ಪಿಸ್ತೂಲಾ!” ಎಂದರು.

ಯೋಗನರಸಿಂಹಯ್ಯನವರ ಕೋಟಿನ ಜೇಬಿನಲ್ಲಿ ಸದಾ ಪಿಸ್ತೂಲು ಇರುತ್ತದೆ ಎಂಬ ಸುದ್ದಿ ಅವರು ಮನೆಗೆ ವಾಪಸು ಬರುವುದಕ್ಕಿಂತ ಮೊದಲೇ ಬೀದಿಯ ತುದಿಗೆ ತಲುಪಿತ್ತು. ನಾಲ್ಕನೇ ದಿನ ಅದು ಕುಣಿಗಲ್ಲನ್ನೂ ಮುಟ್ಟಿತು. ಐದನೇ ದಿನ ಕುಣಿಗಲ್ಲಿನಿಂದ ಮಾವ ಸೀತಾರಾಮಯ್ಯನವರು ಬಸ್ಸಿಳಿದು ಬಂದರು.

ಮಾವನವರಿಗೆ ಈ ಅಳಿಯನ ಮೇಲೆ ಎಂದೂ ಅಂಥ ಅಭಿಪ್ರಾಯವಿರಲಿಲ್ಲ. ಮದುವೆಯಾಗಿ ಹದಿನೇಳು ವರ್ಷವಾದರೂ ಮಗಳ ಜೊತೆ ಮಾತಾಡುವಾಗ “ನಿಮ್ಮನೆಯವರು” ಎಂದೇ ಕರೆಯುತ್ತಿದ್ದರು, ಯಾವುದೋ ಊರಿನ ಹೆಸರು ಹೇಳುವಂತೆ. ಈಗ ಬಾಗಿಲಲ್ಲೇ ತಬ್ಬಿಕೊಂಡರು. “ಅಳಿಯಂದ್ರೇ! ನಮ್ಮ ಕಬ್ಬಿನ ಗದ್ದೆಗೆ ಹಂದಿ ನುಗ್ತಿವೆ. ಊರಿಗೆಲ್ಲ ಹೇಳಿ ಬಂದಿದೀನಿ. ನಮ್ಮ ಅಳಿಯಂದ್ರು ಬರ್ತಾರೆ, ಎರಡೇ ಏಟು, ಮುಗೀತು ಅಂತ.”

“ಮಾವ, ನನ್ನ ಕೋವೀಲಿ ಹಂದಿ ಸಾಯಲ್ಲ.”

“ಗಾಯ ಆದ್ರೂ ಸಾಕು. ಓಡಿ ಹೋಗ್ತವೆ.”

“ಗಾಯಾನೂ ಆಗಲ್ಲ ಮಾವ. ಹಾರಿಸಿದ್ದು ಹಂದಿಗೆ ಗೊತ್ತೂ ಆಗಲ್ಲ.”

“ಅಷ್ಟು ಸದ್ದಿಲ್ದೆ ಹಾರುತ್ತಾ!” ಮಾವನವರ ಕಣ್ಣು ಅರಳಿತು. “ಎಲ್ಲೀದು?”

“ಹಾಗಲವಾಡೀದು” ಎಂದು ಅಳಿಯ ಎಂದಿನ ದನಿಯಲ್ಲಿ ಗೊಣಗಿದರು.

ಮಾವನವರಿಗೆ ಕಿವಿ ಸ್ವಲ್ಪ ಮಂದ. “ಹಾಲೆಂಡಿಂದಾ! ಹಾಗೆ ಹೇಳಿ ಮತ್ತೆ!” ಎಂದು ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು, ಆ ಸಮಾಚಾರವನ್ನು ಜಗಲಿಗೆ ಒಯ್ದರು.

ಸದ್ದಿಲ್ಲದೆ ಹಾರುವ ಹಾಲೆಂಡ್ ಪಿಸ್ತೂಲೊಂದು ಶೆಟ್ಟಿಹಳ್ಳಿಯಲ್ಲಿದೆ ಎಂದು ಕೇಳಿದ ಮೇಲೂ ಪೊಲೀಸರು ಸುಮ್ಮನಿದ್ದರೆ ಅವರನ್ನು ಪೊಲೀಸರೆನ್ನುವುದು ಹೇಗೆ? ಮರುದಿನ ಬೆಳಗ್ಗೆ ದಫೇದಾರ್ ಬೆಟ್ಟಯ್ಯ ಬಂದು ಅಂಗಳದಲ್ಲೇ ನಿಂತ, ಮೆಟ್ಟಿಲು ಹತ್ತಲಿಲ್ಲ.

“ಸ್ವಾಮಿ, ಸಬ್ ಇನ್ಸ್‌ಪೆಕ್ಟ್ರು ಕರೀತವ್ರೆ. ಆ ಸಾಮಾನೂ ತರ್ಬೇಕಂತೆ. ಕೈಯಾಗೆ ಹಿಡ್ಕಬ್ಯಾಡಿ, ಜೇಬಲ್ಲೇ ಇರ್ಲಿ. ನೀವು ಮುಂದೆ ನಡೀರಿ, ನಾನು ಒಸಿ ದೂರ ಬತ್ತೀನಿ.”

ಠಾಣೆಯಲ್ಲಿ ಪೇದೆಗಳು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಸಬ್ ಇನ್ಸ್‌ಪೆಕ್ಟರ್ ಮಹಾದೇವಯ್ಯನವರು ದಪ್ಪ ಮೀಸೆಯ ಭಾರಿ ಆಸಾಮಿ. “ನಿಧಾನಕ್ಕೆ ಮೇಜಿನ ಮೇಲಿಡಿ” ಎಂದರು.

ಯೋಗನರಸಿಂಹಯ್ಯನವರು ಬೆಂಕಿಪೊಟ್ಟಣ ಇಟ್ಟರು.

“ಬೀಡಿ ಆಮೇಲೆ ಸೇದೋರಂತೆ ಕಣ್ರೀ. ಗನ್ನೆಲ್ಲಿ?”

“ಇದರೊಳಗಿದೆ ಸಾರ್.”

ಮಹಾದೇವಯ್ಯನವರು ಪೊಟ್ಟಣ ತೆರೆದರು. ಕನ್ನಡಕ ಹಾಕಿಕೊಂಡರು. ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಬೆಟ್ಟಯ್ಯ ಬಗ್ಗಿ ನೋಡಿದ. ಗೋಡೆಯಲ್ಲಿದ್ದ ಪೇದೆಗಳು ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಬಂದರು.

“ಹಾರುತ್ತಾ?” ಎಂದು ಸಬ್ ಇನ್ಸ್‌ಪೆಕ್ಟರು ಕೇಳಿದರು.

ಇಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೊಂಬೆ ಎಂದಾಗ ಸಣ್ಣದಾದ ಆಚಾರಿಯವರ ಮುಖ ಯೋಗನರಸಿಂಹಯ್ಯನವರ ಕಣ್ಣ ಮುಂದೆ ಬಂತು. “ಹಾರುತ್ತೆ ಸಾರ್” ಎಂದರು, ಎದೆಯುಬ್ಬಿಸಿ.

“ಲೈಸೆನ್ಸು?”

“ಇಲ್ಲ ಸಾರ್.”

“ಹಾರೋದಾದ್ರೆ ಅದು ಗನ್ನು. ಗನ್ನಾದ್ರೆ ಲೈಸೆನ್ಸ್ ಬೇಕು. ಉದ್ದ ಎಷ್ಟಿದ್ರೂ ಗನ್ನು ಗನ್ನೇ.” ಮಹಾದೇವಯ್ಯನವರು ಒಂದು ಫಾರಂ ತೆಗೆದು, ಕೋವಿಯ ಪಕ್ಕ ಸ್ಕೇಲು ಇಟ್ಟು ‘ಒಂದೂಮುಕ್ಕಾಲು ಇಂಚು’ ಎಂದು ಬರೆದು, ಬರೆದದ್ದನ್ನು ತಾವೇ ನಂಬದೆ ಮತ್ತೊಮ್ಮೆ ಅಳೆದರು. “ಯಾರು ಮಾಡಿದ್ದು? ಲೈಸೆನ್ಸಿಲ್ದೆ ಗನ್ ಮಾಡೋದು ಇಟ್ಕೊಳ್ಳೋದಕ್ಕಿಂತ ದೊಡ್ಡ ತಪ್ಪು. ಅವನನ್ನ ಒಳಗೆ ಹಾಕ್ಬೇಕು.”

ಯೋಗನರಸಿಂಹಯ್ಯನವರು ಕೋಟಿನ ಗುಂಡಿ ಹಾಕಿಕೊಂಡರು.

“ನಾನೇ ಮಾಡ್ದೆ ಸಾರ್.”

ಈ ಪ್ರಸಂಗದಲ್ಲಿ ಅವರು ಹೇಳಿದ ಮೊದಲ ಸುಳ್ಳು ಅದು. ಮಹಾದೇವಯ್ಯನವರು ಅವರ ಮೆತ್ತಗಿನ ಬೆರಳುಗಳನ್ನು ನೋಡಿದರು. ಮೇಜಿನ ಖಾನೆಯಿಂದ ಒಂದು ಮೊಳೆ ತೆಗೆದರು, ಬೆಟ್ಟಯ್ಯನ ಕೈಲಿ ಅರ ತರಿಸಿದರು. “ಇದರ ತಲೆ ಒಸಿ ಉಜ್ಜಿ ತೋರ್ಸಿ.”

ಎರಡು ನಿಮಿಷ ಉಜ್ಜಿದರು. ಮೊಳೆಗೆ ಏನೂ ಆಗಲಿಲ್ಲ. ಹೆಬ್ಬೆರಳಿನ ಚರ್ಮ ಹೋಯಿತು. ಬೆಟ್ಟಯ್ಯ ಟಿಂಚರ್ ತಂದು ಹಚ್ಚಿದ.

“ಸತ್ಯ ನೆನಪಾಗೋವರೆಗೂ ಒಳಗಿರಿ” ಎಂದರು ಮಹಾದೇವಯ್ಯನವರು.

ಲಾಕಪ್ಪಿನ ಬೀಗ ಕೆಟ್ಟು ಮೂರು ತಿಂಗಳಾಗಿತ್ತು. “ಬಾಗ್ಲು ತಾನಾಗೇ ತಕ್ಕತದೆ ಸ್ವಾಮಿ,” ಎಂದ ಬೆಟ್ಟಯ್ಯ ಸಂಕೋಚದಿಂದ. “ತಾವೇ ಒಳಗಿಂದ ಒಸಿ ಹಿಡ್ಕಂಡಿರಿ.” ಯೋಗನರಸಿಂಹಯ್ಯನವರು ಸರ್ಕಾರಿ ನೌಕರರು. ಒಂದು ಗಂಟೆ ಹೊತ್ತು, ನೊಂದ ಹೆಬ್ಬೆರಳನ್ನು ಮೇಲೆತ್ತಿಕೊಂಡು, ಎಡಗೈಯಲ್ಲಿ ಬಾಗಿಲು ಬಿಗಿಯಾಗಿ ಹಿಡಿದು ನಿಂತರು. ಅದನ್ನು ನೋಡಲಾರದೆ ಮಹಾದೇವಯ್ಯನವರೇ ಬಂದು, “ಹೋಗ್ರೀ ಮನೆಗೆ. ಸೋಮವಾರ ಬನ್ನಿ. ಅಷ್ಟರಲ್ಲಿ ಮಾಡ್ದೋನ ಹೆಸರು ಹೇಳ್ಲಿಲ್ಲ ಅಂದ್ರೆ ನಿಮ್ಮ ಆಫೀಸಿಗೆ ಬರೀತೀನಿ. ಕೆಲಸ ಹೋಗುತ್ತೆ, ಮೇಲೆ ಕೇಸು” ಎಂದರು. ಕೋವಿ ಠಾಣೆಯಲ್ಲೇ ಉಳಿಯಿತು.

ಮನೆಯಲ್ಲಿ ಸರಸ್ವತಮ್ಮನವರು ಹೆಬ್ಬೆರಳಿಗೆ ಬಟ್ಟೆ ಕಟ್ಟುತ್ತ ಕಥೆಯನ್ನೆಲ್ಲ ಕೇಳಿದರು. ಈಗ ಬರುತ್ತದೆ ‘ಅದ್ಯಾಕೆ ಹಾಗೆ ಮಾಡಿದ್ರಿ’ ಎಂದು ಯೋಗನರಸಿಂಹಯ್ಯನವರು ತಲೆ ತಗ್ಗಿಸಿ ಕಾದರು. ಬರಲಿಲ್ಲ. ಅವರು ಗಂಟು ಹಾಕಿ ಮುಗಿಸಿ, “ಇದೊಂದನ್ನ ಸರಿಯಾಗಿ ಮಾಡಿದೀರಿ” ಎಂದು ಎದ್ದು ಹೋಗಿ ಕಾಫಿ ತಂದರು.

ಆ ಕಾಫಿ ಕುಡಿದ ಧೈರ್ಯದಲ್ಲಿ ಅವರು ಆಚಾರಿಗೆ ಒಂದು ಕಾರ್ಡು ಬರೆದರು: ‘ಯಾವ ಕಾರಣಕ್ಕೂ ತುಮಕೂರಿಗೆ ಬರಬೇಡಿ. ಯಾರು ಕೇಳಿದರೂ ನನ್ನ ಪರಿಚಯವೇ ಇಲ್ಲ ಎನ್ನಿ. ಇಲ್ಲಿ ಎಲ್ಲರೂ ಕ್ಷೇಮ.’

ಸೋಮವಾರ ಬೆಳಗ್ಗೆ ಒಗೆದ ಕೋಟು ತೊಟ್ಟು, ದೇವಸ್ಥಾನದಲ್ಲಿ ಪೂಜೆ ಮಾಡಿಸಿಕೊಂಡು ಠಾಣೆಗೆ ಹೋದರು. ಬಾಗಿಲ ಪಕ್ಕದ ಬೆಂಚಿನ ಮೇಲೆ, ತಲೆಗೆ ಬಿಳಿ ವಸ್ತ್ರ ಸುತ್ತಿ, ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕವೀರಾಚಾರಿ ಕೂತಿದ್ದರು.

“ಆಚಾರ್ರೇ! ಬರಬೇಡಿ ಅಂತ ಬರೆದಿದ್ನಲ್ಲ!”

“ಅದ್ಕೇ ಬಂದೆ ಸ್ವಾಮಿ. ಬರ್ಬ್ಯಾಡಿ ಅನ್ನಕ್ಕೆ ಯಾರಾರ ಕಾಗ್ದ ಹಾಕ್ತಾರಾ? ಸುಮ್ಕಿದ್ದಿದ್ರೆ ನಾನ್ಯಾಕೆ ಬತ್ತಿದ್ದೆ? ಏನೋ ಆಗೈತೆ ಅಂತ ಮೊದಲ್ನೇ ಬಸ್ಸಿಗೇ ಗುಬ್ಬಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂದೆ. ನಿಮ್ಮನೆಗೆ ಹೋದ್ರೆ ನೀವಾಗ್ಲೇ ಹೊಂಟಿದ್ರಿ, ಅಮ್ಮಾವ್ರು ಎಲ್ಲಾ ಹೇಳಿದ್ರು.” ಮುದುಕರು ಬಟ್ಟೆ ಸುತ್ತಿದ ಹೆಬ್ಬೆರಳನ್ನು ನೋಡಿ ತುಟಿ ಬಿಗಿಹಿಡಿದರು. “ನಾನ್ ಮಾಡಿದ್ನ ನೀವ್ ಮಾಡಿದ್ದು ಅಂದ್ರಂತೆ.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಮಹಾದೇವಯ್ಯನವರ ಮೇಜಿನ ಮೇಲೆ ಕೋವಿ, ಕೋವಿಯ ಪಕ್ಕದಲ್ಲಿ ಗಡಿಯಾರ ರಿಪೇರಿಯವನಿಂದ ಎರವಲು ತಂದ ಭೂತಗನ್ನಡಿ. ಎರಡು ದಿನದಿಂದ ಠಾಣೆಯಲ್ಲಿ ಬೇರೆ ಕೆಲಸವೇ ನಡೆದಿರಲಿಲ್ಲ. ಅವರ ಮುಖ ಮೆತ್ತಗಾಗಿತ್ತು. ಆಚಾರಿಯನ್ನು ಯಾರೋ ನೆಂಟರೆಂದುಕೊಂಡು ಕೂರಲು ಹೇಳಿ, ಒಂದು ಹಾಳೆ ಎತ್ತಿ ಗಟ್ಟಿಯಾಗಿ ಓದಿದರು:

“‘ಕೂಲಂಕಷವಾಗಿ ಪರೀಕ್ಷಿಸಲಾಗಿ, ಸದರಿ ವಸ್ತುವು ಆಟದ ಸಾಮಾನು ಎಂದು ಕಂಡುಬಂದಿರುತ್ತದೆ.’ ತಗೊಳ್ರೀ. ಒಂದು ಸೈನ್ ಹಾಕಿ, ಮನೆಗೆ ಹೋಗಿ.”

ಯೋಗನರಸಿಂಹಯ್ಯನವರು ಮೇಜಿಗೆ ಹಣೆ ಹಚ್ಚುವಷ್ಟು ಬಗ್ಗಿ ಕೈಮುಗಿದರು. ತಲೆಯೆತ್ತುವಾಗ ಪಕ್ಕದಲ್ಲಿ ಆಚಾರಿ ಎದ್ದು ನಿಂತಿದ್ದರು.

“ಏನಂದ್ರಿ ಸ್ವಾಮಿ?”

“ಆಟದ ಸಾಮಾನು.”

“ಇದಾ? ಆಟದ ಸಾಮಾನಾ?”

“ಆಚಾರ್ರೇ, ಕೂತ್ಕೊಳ್ಳಿ” ಎಂದು ಯೋಗನರಸಿಂಹಯ್ಯನವರು ಅವರ ಪಂಚೆಯ ತುದಿ ಎಳೆದರು.

“ನೀವು ಸುಮ್ಕಿರಿ. ನನ್ನ ಹಿಡ್ದು ಒಳಗಾಕ್ಲಿ, ಬ್ಯಾಡ ಅನ್ನಲ್ಲ. ನಾನ್ ಮಾಡಿದ್ದು ಇದನ್ನ, ಹಾಗಲವಾಡಿ ಚಿಕ್ಕವೀರಾಚಾರಿ. ಜಾತ್ರೇಲಿ ಮಾರೋ ಪೀಪಿ ಮಾಡ್ದೋನಲ್ಲ ನಾನು!”

“ನಂಗೇನೂ ಕೇಳಿಸ್ಲಿಲ್ಲ” ಎಂದು ಮಹಾದೇವಯ್ಯನವರು ಅವಸರದಲ್ಲಿ ಎರಡೂ ಕಿವಿ ಮುಚ್ಚಿಕೊಂಡರು.

ಕಿವಿ ಮುಚ್ಚಿದರೇನು, ಕಣ್ಣು ತೆರೆದಿತ್ತಲ್ಲ. ಆಚಾರಿ ಬೆಟ್ಟಯ್ಯನ ಹತ್ತಿರ ಬೆಂಕಿಕಡ್ಡಿ ಕೇಳಿ ಪಡೆದು, ಅದರ ತಲೆಯನ್ನು ಉಗುರಿನಲ್ಲಿ ಕೆರೆದರು. ಚೀಲದಿಂದ ಒಂದು ಕವಡೆ ತೆಗೆದು ಕೆರೆದ ಮದ್ದನ್ನು ಅದರಲ್ಲಿ ಹಿಡಿದು, ಹಕ್ಕಿಯ ಗರಿಯ ತುದಿಯಲ್ಲಿ ನಳಿಗೆಗೆ ತುಂಬಿದರು. ಒದ್ದೆ ಬೆರಳಿಗೆ ಅಂಟಿಸಿಕೊಂಡ ಸೀಸದ ಗುಂಡನ್ನು ಮೇಲೆ ಬಿಟ್ಟು, ಸೂಜಿಯಲ್ಲಿ ಮೆಲ್ಲಗೆ ಒತ್ತಿದರು. ಎಪ್ಪತ್ತು ವರ್ಷದ ಆ ದಪ್ಪ ಬೆರಳುಗಳು, ಸುತ್ತಿಗೆ ಹಿಡಿದು ಹಿಡಿದು ಬೇರಿನಂತಾದ ಬೆರಳುಗಳು, ಮಗುವಿನ ಕಣ್ಣಿಗೆ ಕಾಡಿಗೆ ಇಡುವಷ್ಟು ಹಗುರವಾಗಿ ಓಡಾಡಿದವು.

“ಆ ಕಾಗ್ದ ಒಸಿ ಎತ್ತಿ ಹಿಡೀರಿ” ಎಂದರು ಆಚಾರಿ. ಮಂಕುಬೂದಿ ಎರಚಿಸಿಕೊಂಡವರಂತೆ ಮಹಾದೇವಯ್ಯನವರು ತಮ್ಮ ವರದಿಯನ್ನು ಎತ್ತಿ ಹಿಡಿದರು.

ಚಟ್!

ಒಗ್ಗರಣೆಯಲ್ಲಿ ಸಾಸಿವೆ ಸಿಡಿದಷ್ಟು ಸದ್ದು. ಮಲ್ಲಿಗೆ ಮೊಗ್ಗಿನಷ್ಟು ಹೊಗೆ. ಇಬ್ಬರು ಪೇದೆಗಳು ಬೆಂಚಿನ ಕೆಳಗೆ ಸೇರಿದ್ದರು. ಮಹಾದೇವಯ್ಯನವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ‘ಆಟದ’ ಮತ್ತು ‘ಸಾಮಾನು’ ಎಂಬ ಎರಡು ಪದಗಳ ನಡುವೆ, ಗುಂಡಗೆ, ಅಂಚು ಹರಿಯದ ತೂತು. ಅದರೊಳಗಿಂದ ಬಂದ ಬೆಳಕು ಅವರ ಮೀಸೆಯ ಮೇಲೆ ಚುಕ್ಕೆಯಾಗಿ ಬಿತ್ತು.

“ಏನ್ ಕೆಲಸಾರೀ ಇದು!” ಎಂದರು ಮೆಲ್ಲನೆ. ಆಮೇಲೆ, “ಇನ್ನೊಂದ್ಸಲ” ಎಂದರು.

ಇನ್ನೊಂದು ಸಲವಾಯಿತು. ಮತ್ತೊಂದು ಸಲ ಮಹಾದೇವಯ್ಯನವರೇ ಉಗುರಿನಲ್ಲಿ ಕುದುರೆ ಎಳೆದರು. ಬೆಟ್ಟಯ್ಯನದೂ ಒಂದಾಯಿತು. ಬೆಂಚಿನ ಕೆಳಗಿದ್ದವರೂ ಬಂದು ಸಾಲು ನಿಂತರು. ವರದಿ ಜರಡಿಯಾದ ಮೇಲೆ ಎಲ್ಲರಿಗೂ ಎಚ್ಚರವಾಯಿತು.

“ಈಗೇನ್ರೀ ಮಾಡೋದು?” ಮಹಾದೇವಯ್ಯನವರು ತಲೆ ಮೇಲೆ ಕೈಯಿಟ್ಟುಕೊಂಡರು. “ಆಟದ ಸಾಮಾನು ಅಂದ್ರೆ ಇವರು ಒಪ್ಪಲ್ಲ. ಆಯುಧ ಅಂದ್ರೆ ಇಬ್ಬರನ್ನೂ ಒಳಗೆ ಹಾಕ್ಬೇಕು. ಬೀಗ ಬೇರೆ ಇಲ್ಲ.”

ಆಗ ಯೋಗನರಸಿಂಹಯ್ಯನವರು ಬಾಯಿ ತೆರೆದರು. “ಹಳೇ ಕಾಗದಗಳಲ್ಲಿ ನೋಡಿದೀನಿ ಸಾರ್. ಸೇತುವೆ ಕಟ್ಟೋಕೆ ಮುಂಚೆ ಮರದಲ್ಲಿ ಚಿಕ್ಕದೊಂದು ಮಾಡಿ ಒಪ್ಪಿಗೆಗೆ ಕಳಿಸ್ತಿದ್ರು. ಅದನ್ನ ಆಟದ ಸಾಮಾನು ಅಂತಿರ್ಲಿಲ್ಲ, ಸೇತುವೇನೂ ಅಂತಿರ್ಲಿಲ್ಲ. ಮಾದರಿ ಅಂತ ಬರೀತಿದ್ರು.”

ಯಾರೂ ಆಕಳಿಸಲಿಲ್ಲ. ಮಹಾದೇವಯ್ಯನವರು ಲೇಖನಿ ತೆಗೆದುಕೊಂಡು, “ಮಾದರಿ” ಎಂದು ನಾಲಗೆಯ ಮೇಲೆ ಆಡಿಸಿ ನೋಡಿದರು. ಆಚಾರಿಯವರತ್ತ ತಿರುಗಿ, “ದೊಡ್ಡದು ಹೇಗಿರುತ್ತೆ ಅಂತ ಚಿಕ್ಕದರಲ್ಲಿ ತೋರಿಸೋದು ಮಾದರಿ. ಒಪ್ಪಿಗೇನಾ?” ಎಂದು ಕೇಳಿದರು.

ಆಚಾರಿ ಯೋಚಿಸಿದರು. “ನಮ್ ತಾತ ಮಾಡಿದ್ವು ಹಿಂಗೇ ಇದ್ವು. ಆಗ್ಬೌದು. ಆದ್ರೆ ಕೆಲ್ಸ ಹೆಂಗೈತೆ ಅಂತಾನೂ ಬರೀರಿ.”

“‘ಕೆಲಸಗಾರಿಕೆ ಉತ್ತಮ.’”

“ಉತ್ತಮ ಅಷ್ಟೇಯಾ?”

“‘ಅತ್ಯುತ್ತಮ’” ಎಂದು ಮಹಾದೇವಯ್ಯನವರು ತಿದ್ದಿ, ಮೊಹರು ಹಾಕಿ, ಕೋವಿಯನ್ನು ತಮ್ಮ ಕೈಯಾರೆ ಹತ್ತಿಯ ಮೇಲೆ ಮಲಗಿಸಿ ಕೊಟ್ಟರು. “ಇನ್ಮೇಲೆ ಹಾರಿಸ್ಬಾರದು. ನಾನಿಲ್ದಾಗ ಅಂತೂ ಹಾರಿಸ್ಲೇಬಾರದು.”

ಹೊರಡುವ ಮುಂಚೆ ಆಚಾರಿ ಲಾಕಪ್ಪಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಚೀಲದ ಅರ ತೆಗೆದು, ಹತ್ತು ನಿಮಿಷದಲ್ಲಿ ಬೀಗ ಸರಿಮಾಡಿದರು. ಮಹಾದೇವಯ್ಯನವರು ಟೋಪಿ ತೆಗೆದು ನಮಸ್ಕಾರ ಮಾಡಿದರು.

ಶೆಟ್ಟಿಹಳ್ಳಿಯ ಜಗಲಿಯಲ್ಲಿ ಆ ಮಧ್ಯಾಹ್ನ ಬೀದಿಯೆಲ್ಲ ಸೇರಿತ್ತು. ಯೋಗನರಸಿಂಹಯ್ಯನವರು ಪೊಟ್ಟಣ ತೆರೆದಿಟ್ಟು, “ನಮ್ಮನೇಲಿರೋ ಕೋವಿ ಇಷ್ಟೇ” ಎಂದು ಈ ಸಲ ಪೂರ್ತಿ ಹೇಳಿದರು.

“ಇದನ್ನ ನಂಬ್ಕೊಂಡಾ ನಾನು ಕೊಪ್ಪರಿಗೆ ತಂದಿಟ್ಟಿದ್ದು!” ಎಂದು ಕೌಸಲ್ಯಮ್ಮನವರು ಸಿಡಿದರು. ಬೈಯುವುದಕ್ಕೆ ಮುಂಚೆ ಒಂದು ಸಲ ನೋಡೋಣವೆಂದು ಭೂತಗನ್ನಡಿಗೆ ಕಣ್ಣಿಟ್ಟವರು ಕಣ್ಣು ತೆಗೆಯಲೇ ಇಲ್ಲ. “ಅಯ್ಯೋ, ಇದಕ್ಕೆ ತಿರುಪೂ ಇದೆ ಕಣ್ರೀ! ಯಾರಪ್ಪ ಇದನ್ನ ಮಾಡ್ದೋರು? ನೀವಾ? ಇರಿ, ಹೋಗ್ಬೇಡಿ!” ಎಂದು ಓಡಿ ಹೋಗಿ ಆಚಾರಿಯವರ ಉಡಿ ತುಂಬ ಚಕ್ಕುಲಿ ತಂದು ಸುರಿದರು. ಕೋವಿಯ ಸುದ್ದಿ ಹಬ್ಬಿದ ಮೇಲೆ ಬೀದಿಯಲ್ಲಿ ಒಂದು ಚೊಂಬೂ ಕಳುವಾಗಿರಲಿಲ್ಲ ಎಂಬುದನ್ನು ಯಾರೋ ನೆನಪಿಸಿದರು. ಎಲ್ಲರೂ ಯೋಗನರಸಿಂಹಯ್ಯನವರಿಗೆ ಕೈಮುಗಿದೇ ತಂತಮ್ಮ ಪಾತ್ರೆ ಎತ್ತಿಕೊಂಡು ಹೋದರು.

ಮಾವ ಸೀತಾರಾಮಯ್ಯನವರು ಕಡೆಯಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು. “ಹಂದಿಗೆ ಬೇಡ ಬಿಡಿ ಯೋಗನರಸಿಂಹಯ್ಯನವರೇ” ಎಂದರು. “ಇಂಥ ಕೆಲಸ ಹಂದಿಗೇನು ಗೊತ್ತಾಗುತ್ತೆ.” ಅಳಿಯನ ಪೂರ್ತಿ ಹೆಸರು ತಮಗೆ ಗೊತ್ತಿದೆ ಎಂದು ಅವರು ಹದಿನೇಳು ವರ್ಷದಲ್ಲಿ ಅಂದೇ ತೋರಿಸಿಕೊಂಡದ್ದು.

ಮರುದಿನ ಆಚಾರಿಯನ್ನು ಗುಬ್ಬಿಯ ಬಸ್ಸಿಗೆ ಹತ್ತಿಸಲು ಯೋಗನರಸಿಂಹಯ್ಯನವರು ಕಚೇರಿಗೆ ರಜೆ ಹಾಕಿ ಬಸ್‌ಸ್ಟ್ಯಾಂಡಿಗೆ ಹೋದರು. ಒಂದು ಮಾತು ಹೇಳಬೇಕಿತ್ತು. ನಿನ್ನೆಯಿಂದ ಅದನ್ನು ಮನಸ್ಸಿನಲ್ಲೇ ಬರೆದು, ತಿದ್ದಿ, ಬಾಯಿಪಾಠ ಮಾಡಿಕೊಂಡಿದ್ದರು. ದಾರಿಯುದ್ದಕ್ಕೂ ಹೇಳಲಾಗಲಿಲ್ಲ. ಆಚಾರಿಯನ್ನು ಬಸ್ಸಿನಲ್ಲಿ ಕೂರಿಸಿ ಬಾಳೆಹಣ್ಣು ತರಲು ಹೋದರು. ಹಣ್ಣು ಕೊಳ್ಳುವಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ. ಓಡಿ ಬಂದರು. ಕನ್ನಡಕದ ಮೇಲೆಲ್ಲ ಧೂಳು. ಮೂರನೇ ಕಿಟಕಿಯಲ್ಲಿ ತಲೆಯ ಮೇಲೆ ಬಿಳಿ ಬಟ್ಟೆ ಕಂಡಿತು. ಹಣ್ಣನ್ನು ಒಳಕ್ಕೆ ತೂರಿ, ಧೈರ್ಯಕ್ಕೆಂದು ಕಣ್ಣು ಮುಚ್ಚಿ, ಕೈ ಜೋಡಿಸಿ, ಬಸ್ಸಿನ ಸದ್ದಿಗೂ ಮೀರಿದ ದನಿಯಲ್ಲಿ ಹೇಳಿಯೇಬಿಟ್ಟರು:

“ನನಗೋಸ್ಕರ ಇದುವರೆಗೂ ಯಾರೂ ಇಷ್ಟು ದೂರ ಬಂದಿರ್ಲಿಲ್ಲ. ಬರಬೇಡಿ ಅಂದ್ರೂ ಬಂದ್ರಿ. ಜೈಲಾದ್ರೂ ಆಗ್ಲಿ ಅಂತ ನನ್ನ ಪಕ್ಕ ಎದ್ದು ನಿಂತ್ರಿ. ಆ ಕೈ ಬಂಗಾರದ ಕೈ. ಅದರಲ್ಲಿ ಎಂಟು ತಿಂಗಳ ಕೆಲಸ ನನ್ನಂಥೋನಿಗೆ ಸಿಕ್ತಲ್ಲ, ಈ ಜನ್ಮಕ್ಕೆ ಅಷ್ಟು ಸಾಕು!”

ಕಣ್ಣು ತೆರೆದರು. ಕಿಟಕಿಯಲ್ಲಿ ಬಿಳಿ ಸೆರಗು ಹೊದ್ದ ಅಪರಿಚಿತ ಮುದುಕಿ, ತನ್ನ ಎರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

“ನಾನೇನ್ ಮಾಡಿದ್ನೋ ಕಾಣೆ ಕಣಪ್ಪ,” ಎಂದಳು ಆಕೆ, ಕಣ್ಣೊರೆಸಿಕೊಂಡು. “ಆದ್ರೂ ನಂಗೆ ಇಷ್ಟು ಚೆಂದಾಗಿ ಇದುವರ್ಗೂ ಯಾರೂ ಅಂದಿರ್ನಿಲ್ಲ. ತಣ್ಣಗಿರು ಮಗಾ.”

ಬಸ್ಸು ಆಕೆಯನ್ನೂ ಬಾಳೆಹಣ್ಣನ್ನೂ ಹೊತ್ತುಕೊಂಡು ಹೋಯಿತು. ಧೂಳು ಇಳಿದ ಮೇಲೆ ಯೋಗನರಸಿಂಹಯ್ಯನವರು ಹಿಂದಿರುಗಿ ನೋಡಿದರು. ಹೊಗೆಸೊಪ್ಪು ತರಲು ಇಳಿದಿದ್ದ ಚಿಕ್ಕವೀರಾಚಾರಿ ಚೀಲ ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದರು. ಅವರ ಗಡ್ಡ ಒದ್ದೆಯಾಗಿತ್ತು.

“ಬಸ್ಸು ಹೊಂಟೋಯ್ತು ಆಚಾರ್ರೇ.”

“ಹೋಗ್ಲಿ ಬುಡಿ.”

“ನಾನು ಹೇಳಿದ್ದು ನಿಮಗೆ. ಆ ಅಮ್ಮ ಯಾರೋ ಗೊತ್ತಿಲ್ಲ.”

“ಎಲ್ಲಾ ಕೇಳುಸ್ತು ಸ್ವಾಮಿ,” ಎಂದರು ಮುದುಕರು. “ಅರ್ಧ ಆಯಮ್ಮಂಗೆ ಹೋಗ್ಲಿ. ಉಳ್ದಿದ್ದೇ ನಂಗೆ ಹೆಚ್ಚಾಯ್ತು.”

ಮುಂದಿನ ಬಸ್ಸಿಗೆ ಇನ್ನೂ ಮೂರು ಗಂಟೆಯಿತ್ತು. ಇಬ್ಬರೂ ಊಟಕ್ಕೆಂದು ಶೆಟ್ಟಿಹಳ್ಳಿಯ ಕಡೆ ನಡೆದರು.